ಮೌನವ್ವನ ಹತ್ತು ಮಾತು

ಯಾವ ಕಾಲದ್ದು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ನನಗೆ ಹೇಳಿದ್ದು ನಮ್ಮಜ್ಜಿ, ಅವಳಿಗೆ ಹೇಳಿದ್ದು ಅವಳಜ್ಜಿ. ಅವರಿಬ್ಬರೂ ‘ಬಹಳ ಹಿಂದೆ’ ಅಂತಲೇ ಶುರು ಮಾಡುತ್ತಿದ್ದರಂತೆ, ನಾನೂ ಹಾಗೇ ಶುರು ಮಾಡುತ್ತೇನೆ. ಬಹಳ ಹಿಂದೆ ಅರೆಗಲ್ಲು ಅಂತ ಒಂದು ಊರಿತ್ತು. ಊರ ಮೇಲುಗಡೆ ಒಂದು ದೊಡ್ಡ ಕೆರೆ. ಆ ಊರಲ್ಲಿ ಮೌನವ್ವ ಅಂತ ಒಬ್ಬಳು ಕಲ್ಲಿನ ಕೆಲಸದವಳು.

ಹೆಸರೇನೋ ಮೌನವ್ವ, ಬಾಯಿ ಮಾತ್ರ ಬಲು ಜೋರಂತೆ. ಬಾವಿಕಟ್ಟೆಗೆ ನೀರಿಗೆ ಹೋದರೆ ಕೊಡ ತುಂಬಿದ ಮೇಲೂ ಅರ್ಧ ಜಾವ ಮಾತಾಡಿಯೇ ಬರುತ್ತಿದ್ದಳಂತೆ. ಆದರೆ ಉಳಿ ಕೈಗೆ ಬಂತೆಂದರೆ ಬೇರೆಯೇ ಹೆಂಗಸು. ಕಲ್ಲಿನ ಮೇಲೆ ಒಂದು ಅಕ್ಷರ ಹೆಚ್ಚು ಕೊರೆಯುತ್ತಿರಲಿಲ್ಲ. ಅಕ್ಷರ ಕಲಿಸಿದ್ದು ಅವಳಪ್ಪ. ಅವಳ ಗಂಡ ವೀರಾಚಾರಿಗೆ ಓದು ಬಾರದು, ಅವನು ಕಲ್ಲು ಸೀಳುವವನು. ಅವನು ಬಂಡೆಯನ್ನು ಹಲಗೆ ಮಾಡಿ ಕೊಡೋದು, ಇವಳು ಅದರ ಮೇಲೆ ಅಕ್ಷರ ಮೂಡಿಸೋದು. ಸೀಮೆಯಲ್ಲೆಲ್ಲ ಅವರ ಕೆಲಸಕ್ಕೆ ಹೆಸರಿತ್ತು.

ಕೆರೆಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯಲ್ಲ. ಕೆರೆಗೆ ಉದ್ದಕ್ಕೂ ಮಣ್ಣಿನ ಏರಿ. ಏರಿಯ ಒಂದು ತುದಿಯಲ್ಲಿ ಕೋಡಿ, ಅಂದರೆ ತುಂಬಿದ ನೀರು ಹೊರಗೆ ಹರಿಯೋ ಜಾಗ. ಇನ್ನೊಂದಿಷ್ಟು ನೀರು ನಿಲ್ಲಲಿ ಅಂತ ಊರವರು ಕೋಡಿಗೆ ಅಡ್ಡ ಮಣ್ಣು ಕಟ್ಟುತ್ತಿದ್ದರು. ಮಳೆ ವಿಪರೀತವಾದರೆ ಆ ಮಣ್ಣನ್ನು ಒಡೆದು ನೀರು ಬಿಡಬೇಕು. ಬಿಡದಿದ್ದರೆ ಏರಿಯೇ ಒಡೆಯುತ್ತೆ, ಏರಿ ಒಡೆದರೆ ಊರಿಲ್ಲ. ಆದರೆ ಕೋಡಿಯ ಮಣ್ಣು ಒಡೆದರೆ ಕೆಳಗಿನ ನಾಲ್ಕು ಗದ್ದೆಗೆ ಮರಳು ತುಂಬುತ್ತೆ. ಅದಕ್ಕೇ ಜಗಳ. ಆ ಜಗಳ ತೀರಲಿ ಅಂತ ಅರಮನೆಯಿಂದ ಒಂದು ಓಲೆ ಬಂದಿತ್ತು. ಯಾವಾಗ ಒಡೆಯಬೇಕು, ಯಾರು ಒಡೆಯಬೇಕು ಅಂತ ಅದರಲ್ಲಿ ಬರೆದಿತ್ತಂತೆ. ಬರೆದಿತ್ತು ಅಂತ ಎಲ್ಲರಿಗೂ ಗೊತ್ತು, ಏನು ಬರೆದಿತ್ತು ಅಂತ ಯಾರಿಗೂ ಗೊತ್ತಿಲ್ಲ.

ಒಂದು ವರ್ಷ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ನೀರುಗಂಟಿ ದುರುಗಪ್ಪ, ಅಂದರೆ ಕೆರೆ ಕಾಯುವವನು, ಚಾವಡಿಗೆ ಓಡಿ ಬಂದ. ನೀರು ಏರಿಯ ಹೆಗಲಿಗೆ ಬಂದಿದೆ, ಕೋಡಿ ಒಡೆಯಲೋ ಬೇಡವೋ ಅಂತ ಕೇಳಿದ. ಗೌಡರು ಓಲೆ ತರಿಸಿದರು. ಶಾನುಭೋಗರು ಓದಲು ಕೂತರು. ಓಲೆಯ ಮೊದಲ ಗರಿ ತುಂಬ ಸೀಮೆ ಆಳುವ ನಾಯಕರ ಬಿರುದು. ಎರಡನೆಯದರಲ್ಲಿ ಅವರ ತಂದೆಯ ಬಿರುದು. ಮೂರನೆಯ ಗರಿಯಲ್ಲಿ ಕೆರೆ ಅನ್ನೋ ಮಾತು ಬಂತು, ಆದರೆ ಅದು ಯಾವುದೋ ಪುರಾಣದ ಕೆರೆ. ವಾಕ್ಯ ಮುಗಿಯದೆ ನಿಲ್ಲಿಸಬಾರದು, ನಿಲ್ಲಿಸಿದರೆ ಅರ್ಥ ಕೆಡುತ್ತೆ ಅಂತ ಶಾನುಭೋಗರು ಉಸಿರು ಕಟ್ಟಿ ಓದಿದರು. ಜನ ಕೈ ಕಟ್ಟಿ ಕೇಳಿದರು. ಮೌನವ್ವನೂ ಆ ಜನರಲ್ಲಿ ನಿಂತಿದ್ದಳು. ಅವಳ ಗಂಡ ಏರಿಯ ಕೆಳಗಿನ ಬಂಡೆಯ ಹತ್ತಿರ ಕೆಲಸದಲ್ಲಿದ್ದ.

ಓಲೆ ಓದಿ ಮುಗಿಯುವ ಮೊದಲೇ ಏರಿ ಮುಗಿದುಹೋಯಿತು.

ಹನ್ನೊಂದು ಜನ ಹೋದರಂತೆ ಆ ದಿನ. ವೀರಾಚಾರಿಯ ಸುತ್ತಿಗೆ ಸಿಕ್ಕಿತು, ಅವನು ಸಿಗಲಿಲ್ಲ. ಮೌನವ್ವ ಎಂಟು ದಿನ ಬಾಯಿ ಬಿಡಲಿಲ್ಲ ಅಂತಾರೆ. ಒಂಬತ್ತನೇ ದಿನ ಎದ್ದು ಶಾನುಭೋಗರ ಮನೆಗೆ ಹೋದಳಂತೆ. ಆ ಓಲೆ ಕೊಡಿ ಸ್ವಾಮಿ, ಅದು ಏನು ಹೇಳುತ್ತಿತ್ತು ಅಂತ ನಾನು ತಿಳಕೋಬೇಕು ಅಂದಳಂತೆ. ಜಗಲಿಯ ಮೇಲೆ ಕೂತು ಇಡೀ ದಿನ ಓದಿದಳು. ಹದಿನಾಲ್ಕನೇ ಗರಿಯಲ್ಲಿ, ಕೊನೆಯ ಸಾಲಿನ ಹಿಂದಿನ ಸಾಲಿನಲ್ಲಿ ಒಂದು ಮಾತಿತ್ತು: ಒಡೆಯತಕ್ಕದ್ದು. ಅವಳು ಆ ಮಾತಿನ ಮೇಲೆ ಬೆರಳಿಟ್ಟು ಅತ್ತಳಂತೆ. ಅಲ್ಲೇ ಇತ್ತಲ್ಲ, ಅಷ್ಟು ದೂರ ಯಾಕೆ ಬಚ್ಚಿಟ್ಟರು ಅಂತ ಅತ್ತಳಂತೆ.

ಎರಡು ವರ್ಷದಲ್ಲಿ ಊರವರು ಏರಿ ಕಟ್ಟಿದರು. ಹೊಸ ಏರಿ, ಹೊಸ ಕೋಡಿ. ಸೀಮೆಯ ನಾಯಕರು ಒಳ್ಳೆಯವರೇ. ಇನ್ನು ಓಲೆ ಹುಡುಕುವ ಕೆಲಸ ಬೇಡ, ಅಪ್ಪಣೆಯನ್ನು ಕಲ್ಲಿನಲ್ಲಿ ಕೆತ್ತಿ ಕೋಡಿಯಲ್ಲೇ ನಿಲ್ಲಿಸಿ ಅಂದರು. ಅಪ್ಪಣೆ ಬರೆಯಲು ಹೇಳಿದ್ದು ರಾಯಸದ ಅಪ್ರಮೇಯಯ್ಯನವರಿಗೆ. ಅರಮನೆಯ ಕಾಗದ ಪತ್ರವೆಲ್ಲ ಬರೆಯುವವರು ಅವರೇ. ಹಿಂದಿನ ಓಲೆ ಬರೆದವರೂ ಅವರೇ.

ಅಪ್ರಮೇಯಯ್ಯನವರು ಕೆಟ್ಟ ಮನುಷ್ಯ ಅಂತ ನಾನು ಹೇಳಲ್ಲ. ದೊಡ್ಡ ವಿದ್ವಾಂಸರು. ಒಂದು ವಾಕ್ಯ ಶುರು ಮಾಡಿದರೆ ಅದು ಮುಗಿಯುವಷ್ಟರಲ್ಲಿ ಕೇಳುವವರು ಎಲೆ ಅಡಿಕೆ ಹಾಕಿ, ಅಗಿದು, ಉಗಿದು ಬರಬಹುದಿತ್ತಂತೆ. ಅದೇ ಅವರಿಗೆ ಹೆಮ್ಮೆ. ಚಿಕ್ಕದಾಗಿ ಬರೆದರೆ ಅರಮನೆಗೆ ಅಗೌರವ ಅಂತ ಅವರು ನಿಜವಾಗಿ ನಂಬಿದ್ದರು.

ಅವರೇ ಖುದ್ದು ಅರೆಗಲ್ಲಿಗೆ ಬಂದು ಬರಹ ಕೊಟ್ಟರು. ನೂರ ಇಪ್ಪತ್ತು ಸಾಲು. ಬಿರುದುಗಳೆಲ್ಲ ಮುಗಿದ ಮೇಲೆ ಅದರ ತಿರುಳು ಹೀಗಿತ್ತಂತೆ: ‘ಸದರಿ ತಟಾಕದಲ್ಲಿ ಜಲಪ್ರಮಾಣವು ಅತಿಶಯವಾಗಿ ವೃದ್ಧಿಯನ್ನು ಹೊಂದಿ, ತನ್ಮೂಲಕ ಸೇತುವಿಗೆ ಹಾನಿಯುಂಟಾಗುವ ಸಂಭವವು ಗೋಚರವಾದ ಪಕ್ಷದಲ್ಲಿ, ಸಂಬಂಧಪಟ್ಟವರು ಸೂಕ್ತ ಸಮಯವನ್ನು ಆಲೋಚಿಸಿ, ಹಿರಿಯರ ಅನುಮತಿಯನ್ನು ಪಡೆದುಕೊಂಡು, ನಿರ್ಗಮದ್ವಾರದಲ್ಲಿ ರಚಿಸಲ್ಪಟ್ಟ ಮೃತ್ತಿಕಾಬಂಧವನ್ನು ತೆರವುಗೊಳಿಸುವ ಕಾರ್ಯವನ್ನು ಮಾಡತಕ್ಕದ್ದು.’

ಮೌನವ್ವ ಓದಿದಳು. ಇನ್ನೊಮ್ಮೆ ಓದಿದಳು. ಸ್ವಾಮಿ, ಇದನ್ನ ಸ್ವಲ್ಪ ಇಳಿಸಬಹುದಾ ಅಂತ ಕೇಳಿದಳು. ಅಪ್ರಮೇಯಯ್ಯನವರು ನಕ್ಕರು. ಒಂದೊಂದು ಪದಕ್ಕೂ ಕಾರಣ ಉಂಟಮ್ಮ, ನೀನು ಕೆತ್ತು ಅಂದು ಪಲ್ಲಕ್ಕಿ ಹತ್ತಿದರು.

ಮೌನವ್ವ ಆ ಬರಹ ಹಿಡಿದು ಸೀದಾ ಕೋಡಿಗೆ ಹೋದಳು. ನೀರುಗಂಟಿ ದುರುಗಪ್ಪ ಅಲ್ಲೇ ಇದ್ದ. ಏರಿ ಒಡೆದ ದಿನದಿಂದ ಅವನು ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಅವನನ್ನು ಕೂರಿಸಿ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದಳು.

“ಈಗ ಹೇಳು ದುರುಗಣ್ಣ. ನೀರು ಏರ್ತಾ ಐತೆ. ಏನು ಮಾಡ್ತೀಯ?”

ದುರುಗಪ್ಪ ಬಹಳ ಹೊತ್ತು ಯೋಚನೆ ಮಾಡಿದ. “ನಾಯಕರಿಗೆ ಕೈ ಮುಗೀತೀನಿ ಕಣವ್ವ” ಅಂದ.

ಅವಳಿಗೆ ನಗು ಬಂತು, ಹಿಂದೆಯೇ ಏರಿ ಒಡೆದ ದಿನ ನೆನಪಾಯಿತು. ಇವನು ಕೈ ಮುಗಿಯುತ್ತಾ ನಿಲ್ಲುತ್ತಾನೆ, ನೀರು ನಿಲ್ಲಲ್ಲ.

ಆವತ್ತಿನಿಂದ ಅವಳು ಕೋಡಿಯ ಹಾಸುಬಂಡೆಯ ಮೇಲೆ ಇದ್ದಿಲಿನಲ್ಲಿ ಬರೆಯೋದು, ಅಂಗೈಯಲ್ಲಿ ಅಳಿಸೋದು, ಮತ್ತೆ ಬರೆಯೋದು. ಹದಿನೈದು ದಿನ ಅದೇ ಕೆಲಸ ಅಂತಾರೆ. ಮೊದಲು ಬಿರುದು ಅಳಿಸಿದಳು. ಆಮೇಲೆ ಪುರಾಣ ಅಳಿಸಿದಳು. ಉಳಿದದ್ದನ್ನು ದುರುಗಪ್ಪನಿಗೆ ಓದಿದಳು. ಅವನು ತಲೆ ಕೆರೆದುಕೊಂಡ. ಸೂಕ್ತ ಸಮಯ ಅಂದರೆ ಯಾವಾಗವ್ವ, ನನಗೆ ಸೂಕ್ತ ಅನಿಸಿದ್ದು ಗೌಡರಿಗೆ ಅನಿಸದೇ ಹೋದರೆ ಅಂತ ಕೇಳಿದ.

ಮೌನವ್ವ ಹೌದಲ್ಲ ಅಂದುಕೊಂಡಳು. ಸೂಕ್ತ ಸಮಯ ಅಳಿಸಿದಳು. ನೀರು ಎಲ್ಲಿಗೆ ಬಂದರೆ ಏರಿಗೆ ಅಪಾಯ ಅಂತ ದುರುಗಪ್ಪನನ್ನೇ ಕೇಳಿದಳು. ಅವನು ಕೋಡಿಯ ಪಕ್ಕ ಒಂದು ಮಟ್ಟ ತೋರಿಸಿದ. ಹಾಗಾದರೆ ಕಲ್ಲನ್ನು ಇಲ್ಲೇ ನೆಡೋಣ, ನೀರು ಕಲ್ಲು ಮುಟ್ಟೋದೇ ಸಮಯ ಅಂದಳು.

ಸಂಬಂಧಪಟ್ಟವರು ಅಂದರೆ ಯಾರು? ಗೌಡರನ್ನು ಕೇಳಿದಳು, ಶಾನುಭೋಗರನ್ನು ಕೇಳಿದಳು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಅದನ್ನೂ ಅಳಿಸಿದಳು. ನೀರು ಯಾರ ಕಣ್ಣಿಗೆ ಬೀಳುತ್ತೋ ಅವರೇ ಸಂಬಂಧಪಟ್ಟವರು ಅಂತ ‘ಕಂಡವರು’ ಅಂತ ಬರೆದಳು.

ಆಮೇಲೆ ಬಂದದ್ದು ಹಿರಿಯರ ಅನುಮತಿ. ಆ ಎರಡು ಪದದ ಮುಂದೆ ಅವಳು ಒಂದು ಇಡೀ ಮಧ್ಯಾಹ್ನ ಸುಮ್ಮನೆ ಕೂತಿದ್ದಳಂತೆ. ಅವಳ ಗಂಡ ಹೋದದ್ದು ಆ ಎರಡು ಪದದಲ್ಲಿ. ಬರೀ ಅಳಿಸಿದರೆ ಸಾಲದು ಅನಿಸಿತು. ಜನ ರೂಢಿಯಂತೆ ಕೇಳಲು ಓಡೇ ಓಡುತ್ತಾರೆ. ಅಲ್ಲಿ ಹೊಸದಾಗಿ ಎರಡು ಮಾತು ಬರೆದಳು: ಯಾರನ್ನೂ ಕೇಳಬೇಡಿ. ಇದಕ್ಕೆ ಗೌಡರು ಒಪ್ಪಬೇಕಲ್ಲ, ಕೆಳಗಿನ ಗದ್ದೆ ಅವರದೇ. ಮೌನವ್ವ ಅವರ ಮನೆಗೆ ಹೋಗಿ ನಿಂತಳು. ಗೌಡರು ಅವಳ ಕೊರಳು ನೋಡಿದರು, ತಾಳಿ ಇರಲಿಲ್ಲ. ಬರಿ ತಾಯಿ ಅಂದರಂತೆ.

ಅಷ್ಟರಲ್ಲಿ ಅವಳಿಗೆ ಅಳಿಸುವುದರಲ್ಲೇ ಒಂದು ರುಚಿ ಹತ್ತಿಬಿಟ್ಟಿತ್ತು. ಇನ್ನೂ ಅಳಿಸಿದಳು, ಇನ್ನೂ ಅಳಿಸಿದಳು. ಕೊನೆಗೆ ಉಳಿದದ್ದು ಮೂರೇ ಪದ: ನೀರು ಮುಟ್ಟಿದರೆ ಒಡೆಯಿರಿ. ಎಷ್ಟು ಚೆನ್ನಾಗಿದೆ ಅಂತ ಅವಳಿಗೇ ಹಿಗ್ಗು. ಕೆರೆಯಂಗಳದಲ್ಲಿ ಎಮ್ಮೆ ಮೇಯಿಸುತ್ತಿದ್ದ ಬೊಮ್ಮಕ್ಕನನ್ನು ಕೂಗಿ ಓದಿ ಹೇಳಿದಳು. ಬೊಮ್ಮಕ್ಕನಿಗೆ ಅರವತ್ತು ದಾಟಿತ್ತು, ಅಕ್ಷರ ಅಂದರೆ ಏನು ಅಂತ ಗೊತ್ತಿಲ್ಲ.

“ಏನನ್ನ ಒಡೆಯೋದೇ? ಏರಿನಾ?” ಅಂದಳು ಬೊಮ್ಮಕ್ಕ.

ಮೌನವ್ವ ಬರೆದದ್ದನ್ನು ತಿರುಗಿ ನೋಡಿದಳು. ಇನ್ನೊಂದು ಚೂರಾಗಿದ್ದರೆ ನಾನೇ ಊರು ಮುಳುಗಿಸುತ್ತಿದ್ದೆನಲ್ಲ! ಮಾತು ಹೆಚ್ಚಾದರೆ ಎಷ್ಟು ಕೇಡೋ ಕಡಿಮೆಯಾದರೂ ಅಷ್ಟೇ ಕೇಡು ಅಂತ ಅವಳಿಗೆ ತಿಳಿದದ್ದು ಆವಾಗಲೇ ಅಂತಾರೆ. ಕೂತು, ಅಳಿಸಿದ್ದರಲ್ಲಿ ಬೇಕಾದ್ದನ್ನು ಒಂದೊಂದಾಗಿ ಹಿಂದಕ್ಕೆ ಕರೆದಳು. ಕೊನೆಗೆ ನಿಂತದ್ದು ಇದು:

ನೀರು ಈ ಕಲ್ಲು ಮುಟ್ಟಿದರೆ, ಕಂಡವರು ಕೋಡಿಯ ಮಣ್ಣು ಒಡೆಯಿರಿ. ಯಾರನ್ನೂ ಕೇಳಬೇಡಿ.

ಹತ್ತು ಮಾತು. ಬೊಮ್ಮಕ್ಕನಿಗೆ ಓದಿದಳು. ಬೊಮ್ಮಕ್ಕ ಒಂದೇ ಸಲಕ್ಕೆ ಹಾಗೇ ತಿರುಗಿ ಹೇಳಿದಳು. ದುರುಗಪ್ಪನಿಗೆ ಓದಿದಳು, ಅವನೂ ಹೇಳಿದ. ಕೆರೆಗೆ ಬಟ್ಟೆ ಒಗೆಯಲು ಬಂದವರು ಹೇಳಿದರು. ನಾಲ್ಕು ದಿನದಲ್ಲಿ ರಾಗಿ ಬೀಸುವವರ ಬಾಯಲ್ಲೂ ಅದೇ. ಆಗ ಮೌನವ್ವ ಉಳಿ ಎತ್ತಿಕೊಂಡಳು. ಒಂದೊಂದು ಅಕ್ಷರವೂ ಅಂಗೈಯಗಲ, ಬೆರಳಾಳ. ಕಲ್ಲು ನೆಟ್ಟ ದಿನ ದುರುಗಪ್ಪ ಮೊದಲ ಸಲ ತಲೆ ಎತ್ತಿ ನಡೆದನಂತೆ.

ಸುದ್ದಿ ಅರಮನೆಗೆ ಮುಟ್ಟಿತು. ಅಪ್ರಮೇಯಯ್ಯನವರು ಬಂದರು. ಕಲ್ಲಿನ ಮುಂದೆ ನಿಂತರು. ನೂರ ಇಪ್ಪತ್ತು ಸಾಲಿನಲ್ಲಿ ಒಂದು ಸಾಲೂ ಇಲ್ಲ. ನಾಯಕರ ಹೆಸರು ಕೂಡ ಇಲ್ಲ. ಅವರ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು. ಇದು ರಾಜದ್ರೋಹ ಅಂದರು. ಅಕ್ಷರದ ಮೇಲೆಲ್ಲ ಕೆಮ್ಮಣ್ಣು ಮೆತ್ತಿಸಿ ಮುಚ್ಚಿಸಿದರು. ಮೌನವ್ವ, ಗೌಡರು, ಶಾನುಭೋಗರು, ನೀರುಗಂಟಿ ನಾಲ್ವರೂ ಬರುವ ಸೋಮವಾರ ಕೋಟೆಗೆ ಬಂದು ನಾಯಕರ ಮುಂದೆ ನಿಲ್ಲಬೇಕು ಅಂತ ಅಪ್ಪಣೆ ಮಾಡಿ ಹೋದರು. ಈ ಹೆಂಗಸು ಇನ್ನು ಜನ್ಮದಲ್ಲಿ ಉಳಿ ಹಿಡಿಯಬಾರದು, ನಾನು ನಾಯಕರಿಂದ ಹೇಳಿಸುತ್ತೇನೆ ಅಂದರಂತೆ.

ಕೋಟೆ ಅರೆಗಲ್ಲಿಗೆ ಒಂದು ಹಗಲಿನ ದಾರಿ. ಭಾನುವಾರ ನಾಲ್ವರೂ ಹೊರಟರು. ಹೊರಡುವಾಗ ಮುಗಿಲು ಕಪ್ಪಿಟ್ಟಿತ್ತು. ದಾರಿಯಲ್ಲಿ ಮಳೆ ಹಿಡಿಯಿತು. ಸೋಮವಾರ ಬೆಳಿಗ್ಗೆ ಅವರು ಕೋಟೆಯ ಬಾಗಿಲಲ್ಲಿ ನಿಂತಾಗ ಬಡಗಣ ದಿಕ್ಕಿಗೆ, ಊರಿರುವ ಕಡೆಗೆ, ಮುಗಿಲು ನೆಲಕ್ಕೆ ಇಳಿದಂತೆ ಕಾಣುತ್ತಿತ್ತಂತೆ. ದುರುಗಪ್ಪ ಮೌನವ್ವನ ಕಡೆ ತಿರುಗಿದ. ಕೆರೆ ಕಾಯುವ ನಾನು ಇಲ್ಲಿದ್ದೀನಿ, ಅಪ್ಪಣೆ ಕೊಡುವ ಗೌಡರು ಇಲ್ಲಿದ್ದಾರೆ, ಓದುವ ಶಾನುಭೋಗರು ಇಲ್ಲಿದ್ದಾರೆ, ಕಲ್ಲಿಗೆ ಮಣ್ಣು ಮೆತ್ತಿದೆ, ಊರು ಹೋಯಿತವ್ವ ಅಂದ. ಮೌನವ್ವನ ಕಣ್ಣೆದುರು ಎರಡು ವರ್ಷದ ಹಿಂದಿನ ಆ ಬೆಳಿಗ್ಗೆ ತಿರುಗಿ ಎದ್ದು ನಿಂತಿತ್ತು. ಆವತ್ತೂ ನಾನು ಕೈ ಕಟ್ಟಿ ನಿಂತಿದ್ದೆ, ಇವತ್ತೂ ನಿಂತಿದ್ದೀನಿ ಅನಿಸಿತು.

ಒಳಗೆ ಕರೆದರು. ಅಪ್ರಮೇಯಯ್ಯನವರು ದೂರು ಹೇಳಿದರು. ಎಷ್ಟು ಹೊತ್ತು ಹೇಳಿದರು ಅಂತ ಕೇಳಬೇಡಿ. ಅವರು ಮುಗಿಸಿದ ಮೇಲೆ ನಾಯಕರು ಮೌನವ್ವನ ಕಡೆ ತಿರುಗಿದರು.

“ಕಲ್ಲಿನ ಮೇಲೆ ನನ್ನ ಹೆಸರು ಯಾಕಿಲ್ಲ?”

“ನಿಮ್ಮ ಹೆಸರು ಓದೋವಷ್ಟರಲ್ಲಿ ನನ್ನ ಗಂಡ ಹೋದ, ಬುದ್ಧಿ.”

ಅಷ್ಟೆಲ್ಲ ಮಾತಾಡುವ ಹೆಂಗಸು ಅದಕ್ಕಿಂತ ಒಂದು ಅಕ್ಷರ ಹೆಚ್ಚು ಆಡಲಿಲ್ಲ. ನೀವು ಬರೆದ ಅಪ್ಪಣೆಯನ್ನು ಓಲೆ ನೋಡದೆ ಒಮ್ಮೆ ಹೇಳಿ ಅಂತ ನಾಯಕರು ರಾಯಸದವರನ್ನು ಕೇಳಿದರು. ಅಪ್ರಮೇಯಯ್ಯನವರು ಶುರು ಮಾಡಿದರು. ಒಂಬತ್ತನೇ ಬಿರುದಿಗೆ ತಡವರಿಸಿದರು. ಹನ್ನೊಂದನೆಯದಕ್ಕೆ ನಿಂತರು. ಇವಳದನ್ನು ಹೇಳಿ ಅಂದರು ನಾಯಕರು. ಅಪ್ರಮೇಯಯ್ಯನವರು ಬಾಯಿ ತೆರೆದರು, ಹತ್ತೂ ಮಾತು ತಾವಾಗಿಯೇ ಬಂದುಬಿಟ್ಟವು. ಒಂದೇ ಒಂದು ಸಲ ಓದಿದ್ದರು ಅವರು.

ನಾಯಕರು ತೀರ್ಪು ಹೇಳುವ ಮೊದಲೇ ಬಾಗಿಲಲ್ಲಿ ಗದ್ದಲವಾಯಿತು. ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡು ಅರೆಗಲ್ಲಿನಿಂದ ಒಬ್ಬ ಆಳು ಓಡಿ ಬಂದಿದ್ದ. ಮೌನವ್ವ ಅವನ ಮುಖ ನೋಡಲಾರದೆ ಕಣ್ಣು ಮುಚ್ಚಿಕೊಂಡಳು.

ಅವನು ಹೇಳಿದ್ದು ಇಷ್ಟು. ಭಾನುವಾರ ಇವರು ಹೊರಟ ಮೇಲೆ ಮೇಲ್ಗಡೆ ಊರುಗಳ ಎರಡು ಕೆರೆ ತುಂಬಿ ಒಡೆದು ನೀರೆಲ್ಲ ಒಟ್ಟಿಗೆ ನುಗ್ಗಿತು. ಊರಲ್ಲಿ ದೊಡ್ಡವರು ಅಂತ ಯಾರೂ ಇರಲಿಲ್ಲ. ಕೆರೆಯ ಹತ್ತಿರ ಇದ್ದವಳು ಎಮ್ಮೆಯ ಬೊಮ್ಮಕ್ಕ ಒಬ್ಬಳೇ. ಮುದುಕಿ ನೋಡುತ್ತಾಳೆ, ನೀರು ಬಂದು ಕಲ್ಲಿನ ಬುಡ ಮುಟ್ಟಿತು. ಕಲ್ಲಿನ ಮೇಲೆ ಕೆಮ್ಮಣ್ಣು ಹಾಗೇ ಇತ್ತು, ಒಂದಕ್ಷರ ಕಾಣುತ್ತಿರಲಿಲ್ಲ. ಕಂಡಿದ್ದರೂ ಅವಳಿಗೆ ಓದಲು ಬರುತ್ತಿರಲಿಲ್ಲ. ‘ಕಂಡವರು ಒಡೆಯಿರಿ’ ಅಂತ ತನಗೆ ತಾನೇ ಹೇಳಿಕೊಂಡಳು, ದುರುಗಪ್ಪನ ಗುಡಿಸಲಿನಿಂದ ಗುದ್ದಲಿ ತಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಡಿಯ ಮಣ್ಣಿಗೆ ಮೊದಲ ಏಟು ಹಾಕಿದಳು. ಗೌಡರ ಮನೆಯ ಆಳಾದ ಇವನೇ ಗದ್ದೆಯಿಂದ ಓಡಿ ಬಂದು ತಡೆಯಲು ಹೋದನಂತೆ. ಯಾರನ್ನು ಕೇಳಿ ಒಡೀತಿದ್ದೀಯ ಮುದುಕಿ ಅಂತ ಕೂಗಿದನಂತೆ.

“ಯಾರನ್ನೂ ಕೇಳಬೇಡಿ ಅಂತ ಐತಲ್ಲೋ” ಅಂದಳಂತೆ ಬೊಮ್ಮಕ್ಕ, ಗುದ್ದಲಿ ನಿಲ್ಲಿಸದೆ.

ಅವನಿಗೂ ಆ ಮಾತು ಬಾಯಿಪಾಠವಿತ್ತು. ತಡೆಯಲು ಬಂದವನು ತಾನೂ ಒಂದು ಗುದ್ದಲಿ ಹಿಡಿದ. ಬಟ್ಟೆ ಒಗೆಯುವವರು ಬಂದರು, ಬೀಸುವ ಕಲ್ಲು ಬಿಟ್ಟು ಹೆಂಗಸರು ಬಂದರು. ಕೋಡಿ ಒಡೆಯಿತು, ನೀರು ಗೋಡೆಯ ಹಾಗೆ ಎದ್ದು ಹೋಯಿತು. ಗೌಡರ ನಾಲ್ಕು ಗದ್ದೆಗೆ ಮರಳು ತುಂಬಿತು. ಏರಿ ಅಲುಗಾಡಲಿಲ್ಲ. ಒಂದು ಕೋಳಿಮರಿಯೂ ಸಾಯಲಿಲ್ಲ.

ದುರುಗಪ್ಪ ಅಲ್ಲೇ ನೆಲಕ್ಕೆ ಕುಸಿದು ಹೋ ಎಂದು ಅತ್ತ. ಗೌಡರು ನನ್ನ ಗದ್ದೆ ಹೋಗಲಿ ಬಿಡಿ ಅಂದು ರುಮಾಲಿನಲ್ಲಿ ಮುಖ ಒರೆಸಿಕೊಂಡರು. ಮೌನವ್ವ ಕಣ್ಣು ಬಿಟ್ಟಳು. ಅವಳು ಅಳಲಿಲ್ಲ, ನಕ್ಕಳಂತೆ. ಗಂಡ ಹೋದ ಮೇಲೆ ಅವಳು ಬಾಯಿ ತುಂಬ ನಕ್ಕದ್ದು ಅದೇ ಮೊದಲು ಅಂತಾರೆ. ನಾಯಕರು ಗದ್ದುಗೆಯಿಂದ ಇಳಿದು ಬಂದು ತಮ್ಮ ಹೆಗಲ ಶಾಲು ಅವಳಿಗೆ ಹೊದಿಸಿದರು. ಇನ್ನೊಂದು ಶಾಲು ಬೊಮ್ಮಕ್ಕನಿಗೆ ಕಳಿಸಿದರು. ಬೊಮ್ಮಕ್ಕ ಅದನ್ನು ಎಳೆಗರುವಿಗೆ ಹೊದಿಸಿದಳು ಅಂತಲೂ ಒಂದು ಮಾತಿದೆ.

ಅಪ್ರಮೇಯಯ್ಯನವರ ಗತಿ ಏನಾಯಿತು ಅಂತ ಎಲ್ಲರೂ ಕೇಳುತ್ತಾರೆ. ಅವರು ಮಾರನೆಯ ದಿನವೇ ಅರೆಗಲ್ಲಿಗೆ ನಡೆದು ಬಂದರಂತೆ, ಪಲ್ಲಕ್ಕಿ ಇಲ್ಲದೆ. ಕಲ್ಲಿನ ಕೆಮ್ಮಣ್ಣನ್ನು ತಮ್ಮ ಕೈಯಾರೆ ತೊಳೆದರಂತೆ. ತೊಳೆಯುತ್ತ ಏರಿ ಒಡೆದ ದಿನ ಹೋದ ಹನ್ನೊಂದು ಜನರ ಹೆಸರು ಕೇಳಿದರಂತೆ. ಮೌನವ್ವ ಒಂದೊಂದೇ ಹೆಸರು ಹೇಳಿದಳು. ಆಮೇಲೆ ಅರಮನೆಯಿಂದ ಯಾವ ಅಪ್ಪಣೆ ಹೊರಡಬೇಕಾದರೂ ಅವರು ಮೊದಲು ಅದನ್ನು ಅವಳಿಗೆ ಕಳಿಸುತ್ತಿದ್ದರು. ಹೋದಾಗ ಚೀಲದಲ್ಲಿ, ಬಂದಾಗ ಅಂಗೈಯಲ್ಲಿ ಅಂತ ಜನ ನಗುತ್ತಿದ್ದರು.

ಅವಳ ಬಗ್ಗೆ ಇನ್ನೂ ಏನೇನೋ ಹೇಳುತ್ತಾರೆ. ಅವಳ ಉಳಿ ತಾಗಿದರೆ ಸುಳ್ಳು ಮಾತು ತಾನಾಗಿ ಕಲ್ಲಿನಿಂದ ಉದುರುತ್ತಿತ್ತಂತೆ. ಎರಡು ಸೀಮೆಯ ನಡುವೆ ಯುದ್ಧ ಹೊತ್ತಿದಾಗ, ಇಬ್ಬರ ಪತ್ರದಲ್ಲೂ ಬೇಡದ್ದನ್ನು ಅವಳು ತೆಗೆದಳಂತೆ. ಉಳಿದದ್ದು ನೋಡಿದರೆ ಎರಡರಲ್ಲೂ ಒಂದೇ ಮಾತಿತ್ತಂತೆ, ಯುದ್ಧ ನಿಂತುಹೋಯಿತಂತೆ. ಇದನ್ನೆಲ್ಲ ನಾನು ಪೂರ್ತಿ ನಂಬಲ್ಲ. ಆದರೆ ಅವಳು ಮುಪ್ಪಿನಲ್ಲೂ ಬಾವಿಕಟ್ಟೆಯಲ್ಲಿ ಮಾತು ಮಾತು ಮಾತು ಅಂತ ಹೊತ್ತು ಕಳೆಯುತ್ತಿದ್ದಳು ಅನ್ನೋದನ್ನು ನಂಬುತ್ತೇನೆ.

ಅರೆಗಲ್ಲಿನ ಕಡೆ ಇವತ್ತಿಗೂ ಒಂದು ಪದ್ಧತಿ ಇದೆ. ಲಗ್ನಪತ್ರಿಕೆಯೋ, ಅರ್ಜಿಯೋ, ಪಂಚಾಯಿತಿ ಬೋರ್ಡಿಗೆ ಅಂಟಿಸೋ ಕಾಗದವೋ, ಏನೇ ಬರೆದರೂ ಅದನ್ನು ಕೆರೆ ಏರಿಗೆ ಒಯ್ಯುತ್ತಾರೆ. ಅಲ್ಲಿ ಮೊದಲು ಎದುರಾದವರಿಗೆ ಗಟ್ಟಿಯಾಗಿ ಓದುತ್ತಾರೆ. ಕೇಳಿದವರು ತಮ್ಮ ಮಾತಲ್ಲಿ ತಿರುಗಿ ಹೇಳಬೇಕು. ಹೇಳಲಾಗದಿದ್ದರೆ ತಪ್ಪು ಬರೆದವರದ್ದು, ಕೇಳಿದವರದ್ದಲ್ಲ. ಇದಕ್ಕೆ ‘ಮೌನವ್ವನಿಗೆ ಒಪ್ಪಿಸೋದು’ ಅಂತಾರೆ. ಹೋದ ವರ್ಷ ಹೊಸದಾಗಿ ಬಂದ ಪಂಚಾಯಿತಿ ಕಾರ್ಯದರ್ಶಿ ಕುಡಿಯುವ ನೀರಿನ ಬಗ್ಗೆ ಒಂದು ಪುಟ ಬರೆದು ತಂದಿದ್ದ. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸನ್ನು ನಿಲ್ಲಿಸಿ ಅಷ್ಟನ್ನೂ ಓದಿದ. ಅವಳು ಹೊರೆ ಇಳಿಸದೆಯೇ ಪೂರ್ತಿ ಕೇಳಿಸಿಕೊಂಡಳು.

“ಎಲ್ಲಾ ಸರಿ ಸ್ವಾಮಿ. ನಾಳೆ ನೀರು ಬಿಡ್ತೀರೋ, ಇಲ್ವೋ?” ಅಂದಳು.

ಕಾರ್ಯದರ್ಶಿ ಅಲ್ಲೇ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಪೆನ್ನು ತೆಗೆದ.